ಹಳೆಯ ಪಿಕಪ್ ಟ್ರಕ್ಕಿನ ನೆಲಹಾಸನ್ನು ತೆಗೆಯುವುದು: ಕಾರ್ಪೆಟ್ಟಿನ ಅಡಿಯ ಭೌತವಿಜ್ಞಾನ

ಪಿಕಪ್ ಟ್ರಕ್ಕು ಬೆಳೆದದ್ದು ಹೊಲ, ತೋಟಗಳ ಕೆಲಸದ ವಾಹನವಾಗಿ. ಅಮೆರಿಕದ ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ವಾಹನದ ಹಿಂಬದಿಗೆ ಕಾರ್ಖಾನೆಯಲ್ಲಿಯೇ ಸರಕಿನ ತೊಟ್ಟಿಯನ್ನು ಜೋಡಿಸಿ ಮಾರಾಟಕ್ಕೆ ಬಿಟ್ಟಿತು. ಅದೇ ಕಂಪನಿಯ ಎಫ್ ಸರಣಿಯ ಟ್ರಕ್ಕುಗಳು 1948ರಲ್ಲಿ ಬಂದವು. ಅಂದಿನ ಕೆಲಸದ ಟ್ರಕ್ಕುಗಳ ಒಳನೆಲ ಬಹಳ ಸರಳವಾಗಿತ್ತು: ಬಣ್ಣ ಬಳಿದ ಉಕ್ಕಿನ ತಗಡು, ಅದರ ಮೇಲೊಂದು ರಬ್ಬರಿನ ಹಾಸು. ಕೆಸರು ಮೆತ್ತಿದರೆ ಹಾಸನ್ನು ಹೊರಗೆಳೆದು ನೀರು ಹೊಡೆದರೆ ಸಾಕಿತ್ತು. ಮುಂದೆ ಪಿಕಪ್ ಟ್ರಕ್ಕು ಕುಟುಂಬದ ವಾಹನವೂ ಆಯಿತು. 1970ರ ದಶಕದ ಹೊತ್ತಿಗೆ ದುಬಾರಿ ಮಾದರಿಗಳಲ್ಲಿ ಕಾರಿನಂತೆಯೇ ಮೆತ್ತನೆಯ ಕಾರ್ಪೆಟ್ಟು ಕಾಣಿಸಿಕೊಂಡಿತು.

ಇಂದು ಆ ದೇಶದಲ್ಲಿ ಮೂವತ್ತು, ನಲವತ್ತು ವರ್ಷ ಹಳೆಯ ಟ್ರಕ್ಕುಗಳನ್ನು ಕೊಂಡು ದುರಸ್ತಿ ಮಾಡಿ ಓಡಿಸುವ ಹವ್ಯಾಸಿಗಳು ಬಹಳ ಮಂದಿ ಇದ್ದಾರೆ. ಅವರಲ್ಲಿ ಅನುಭವಿಗಳು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಒಳಗಿನ ಕಾರ್ಪೆಟ್ಟನ್ನು ಪೂರ್ತಿಯಾಗಿ ಕಿತ್ತು ಹೊರಗೆ ಹಾಕುವುದು. ಅಂದ ಕೆಟ್ಟಿದೆ, ವಾಸನೆ ಬರುತ್ತಿದೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಆಸನವನ್ನೂ ಆಸನಪಟ್ಟಿಯ ಕೆಳತುದಿಯನ್ನೂ ಹಿಡಿದಿರುವುದು ಈ ನೆಲದ ತಗಡು. ಹೊಗೆ ಕೊಳವೆ ಹಾದುಹೋಗುವುದು ಇದರ ಅಡಿಯಲ್ಲಿ. ತಗಡು ತುಕ್ಕು ಹಿಡಿದು ತೂತಾದರೆ ಅಪಘಾತದ ಕ್ಷಣದಲ್ಲಿ ಆಸನಪಟ್ಟಿ ಕಿತ್ತುಬರಬಹುದು. ಕೊಳವೆಯಲ್ಲಿ ಸೋರಿಕೆಯಿದ್ದರೆ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಒಳಗೆ ಸೇರಬಹುದು. ಇಂಥ ಮುಖ್ಯವಾದ ತಗಡನ್ನು ಕಾರ್ಪೆಟ್ಟು ಕಣ್ಣಿಗೆ ಮರೆಮಾಡುತ್ತದೆ. ಅದಕ್ಕಿಂತ ಹೆಚ್ಚಾಗಿ, ತಗಡು ಕೆಡುವುದಕ್ಕೆ ಬೇಕಾದ ಪರಿಸ್ಥಿತಿಯನ್ನು ತಾನೇ ಒದಗಿಸುತ್ತದೆ. ಅದು ಹೇಗೆ ಎಂಬುದನ್ನು ತಿಳಿದುಕೊಂಡರೆ, ಕಾರ್ಪೆಟ್ಟು ತೆಗೆಯುವ ಕ್ರಮದ ಹಿಂದಿರುವ ತರ್ಕ ತಾನಾಗಿಯೇ ಸ್ಪಷ್ಟವಾಗುತ್ತದೆ. ಪ್ರೌಢಶಾಲೆ ಮತ್ತು ಕಾಲೇಜಿನ ಪಾಠಗಳಲ್ಲಿ ಬರುವ ಹಲವು ಭೌತ ತತ್ತ್ವಗಳು ಇಲ್ಲಿ ಒಂದೇ ಕಡೆ ಕಾಣಸಿಗುತ್ತವೆ.

ನೆಲಹಾಸಿನ ಪದರಗಳು

ಮೇಲಿನಿಂದ ನೋಡಿದರೆ ಕಾಣುವುದು ನೂಲಿನ ಕಾರ್ಪೆಟ್ಟು ಮಾತ್ರ. ಅದರ ಕೆಳಗೆ ಬೇರೆ ಪದರಗಳಿವೆ. ತೀರ ತಳದಲ್ಲಿ ಸುಮಾರು 1 ಮಿ.ಮೀ. ದಪ್ಪದ ಉಕ್ಕಿನ ತಗಡು. ಅದರಲ್ಲಿ ಉದ್ದಕ್ಕೆ ಉಬ್ಬು-ತಗ್ಗುಗಳನ್ನು ಒತ್ತಿರುತ್ತಾರೆ. ಸಪಾಟು ತಗಡಿಗಿಂತ ಉಬ್ಬುಳ್ಳ ತಗಡು ಸುಲಭವಾಗಿ ಬಾಗುವುದಿಲ್ಲ. ತಗಡಿನ ಮೇಲೆ ಅಲ್ಲಲ್ಲಿ ಡಾಂಬರಿನಂಥ ವಸ್ತುವಿನ ಹಾಳೆಗಳನ್ನು ಅಂಟಿಸಿರುತ್ತಾರೆ. ಅದರ ಮೇಲೆ ಸೆಣಬಿನ ಅಥವಾ ಚಿಂದಿ ನೂಲಿನ ದಪ್ಪ ಮೆತ್ತೆ. ಎಲ್ಲಕ್ಕಿಂತ ಮೇಲೆ ನೆಲದ ಆಕಾರಕ್ಕೆ ಹೊಂದುವಂತೆ ಬಿಸಿಯಲ್ಲಿ ಅಚ್ಚು ಒತ್ತಿದ ಕಾರ್ಪೆಟ್ಟು. ಹಲವು ಕಾರ್ಪೆಟ್ಟುಗಳ ತಳಕ್ಕೆ ಪ್ಲಾಸ್ಟಿಕ್ಕಿನ ಅಥವಾ ರಬ್ಬರಿನ ಲೇಪವಿರುತ್ತದೆ.

ಇಷ್ಟೊಂದು ಪದರಗಳು ಏಕೆ? ಮುಖ್ಯವಾಗಿ ಸದ್ದನ್ನು ಮತ್ತು ಶಾಖವನ್ನು ತಡೆಯಲು. ಒಂದೇ ಪದರದ ಗೋಡೆಯ ಮೂಲಕ ಸದ್ದು ಎಷ್ಟು ದಾಟುತ್ತದೆ ಎಂಬುದು ಅದರ ಒಂದು ಚದರ ಮೀಟರಿನ ದ್ರವ್ಯರಾಶಿಯನ್ನು ಅವಲಂಬಿಸುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಈ ದ್ರವ್ಯರಾಶಿ ಎರಡು ಪಟ್ಟಾದರೆ ದಾಟುವ ಸದ್ದು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. 1 ಮಿ.ಮೀ. ಉಕ್ಕಿನ ತಗಡು ಚದರ ಮೀಟರಿಗೆ 7.85 ಕಿ.ಗ್ರಾಂ ತೂಗುತ್ತದೆ. ಇನ್ನೊಂದು 6 ಡೆಸಿಬೆಲ್ ಇಳಿಸಲು ತಗಡನ್ನೇ ದಪ್ಪ ಮಾಡಹೊರಟರೆ ತೂಕ ಇಮ್ಮಡಿಯಾಗುತ್ತದೆ. ಅದಕ್ಕೆ ಬದಲಾಗಿ ತಗಡಿನ ಮೇಲೆ ಮೆತ್ತನೆಯ ಪದರ, ಅದರ ಮೇಲೆ ಭಾರದ ಹಾಸು ಇಟ್ಟರೆ ಮೆತ್ತೆಯು ಸ್ಪ್ರಿಂಗಿನಂತೆಯೂ ಹಾಸು ಅದರ ಮೇಲಿನ ತೂಕದಂತೆಯೂ ವರ್ತಿಸುತ್ತವೆ. ಈ ಜೋಡಿಯ ಸಹಜ ಆವೃತ್ತಿಗಿಂತ ಬಹಳ ಹೆಚ್ಚಿನ ಆವೃತ್ತಿಯ ಕಂಪನಗಳು ಮೇಲಿನ ಹಾಸಿಗೆ ಹೆಚ್ಚಾಗಿ ತಲುಪುವುದೇ ಇಲ್ಲ. ಡಾಂಬರು ಹಾಳೆಯ ಕೆಲಸ ಬೇರೆ. ತಗಡು ಕಂಪಿಸಿದಾಗ ಅದಕ್ಕೆ ಅಂಟಿಕೊಂಡ ಹಾಳೆಯೂ ಹಿಗ್ಗಿ ಕುಗ್ಗುತ್ತದೆ. ಆ ವಸ್ತುವಿನ ಒಳಘರ್ಷಣೆಯಿಂದ ಕಂಪನದ ಶಕ್ತಿ ಅಲ್ಪ ಶಾಖವಾಗಿ ಮಾರ್ಪಡುತ್ತದೆ. ಹಾಳೆಯಿರುವ ತಗಡನ್ನು ಬೆರಳಿನಿಂದ ತಟ್ಟಿದರೆ ಮೊಂಡು ಸದ್ದು, ಇಲ್ಲದ ತಗಡನ್ನು ತಟ್ಟಿದರೆ ಜಾಗಟೆಯಂಥ ಸದ್ದು ಬರುವುದು ಇದರಿಂದಲೇ.

ಒಳಗೆ ಬಂದ ನೀರು ಏಕೆ ಹೊರಗೆ ಹೋಗುವುದಿಲ್ಲ?

ಹಳೆಯ ವಾಹನದೊಳಗೆ ನೀರು ಬರಲು ಹಲವು ದಾರಿಗಳುಂಟು. ಗಾಜಿನ ಸುತ್ತಲಿನ ರಬ್ಬರು ಗಡುಸಾಗಿ ಬಿರುಕು ಬಿಟ್ಟಿರುತ್ತದೆ. ಮುಂಗಾಜಿನ ಬುಡದಲ್ಲಿ ಹೊರಗಾಳಿಯನ್ನು ಒಳಗೆ ತೆಗೆದುಕೊಳ್ಳುವ ಗೂಡಿನಲ್ಲಿ ಎಲೆ, ಕಸ ತುಂಬಿ ನೀರು ಹೊರಹೋಗುವ ಕಿಂಡಿ ಕಟ್ಟಿಕೊಂಡಿರುತ್ತದೆ. ಬಾಗಿಲಿನ ತಳದ ರಂಧ್ರಗಳು ಮುಚ್ಚಿರುತ್ತವೆ. ಒಳಾಂಗಣವನ್ನು ಬೆಚ್ಚಗಿಡುವ ಹೀಟರಿನಿಂದ ಎಂಜಿನ್ನಿನ ತಂಪುದ್ರವ ಸೋರುತ್ತಿರಬಹುದು. ಚಳಿಗಾಲದಲ್ಲಿ ಬೂಟಿಗೆ ಮೆತ್ತಿಕೊಂಡು ಬಂದ ಹಿಮ ಒಳಗೆ ಕರಗುತ್ತದೆ.

ಹೀಗೆ ಬಂದ ನೀರು ಮೆತ್ತೆಯನ್ನು ಸೇರುತ್ತದೆ. ಎಳೆಗಳ ನಡುವಿನ ಸಂದುಗಳು ಲೋಮನಾಳಗಳಂತೆ ವರ್ತಿಸುತ್ತವೆ. ಲೋಮನಾಳದಲ್ಲಿ ದ್ರವ ಏರುವ ಎತ್ತರವು ಮೇಲ್ಮೈ ಎಳೆತಕ್ಕೆ ನೇರ ಅನುಪಾತದಲ್ಲಿಯೂ ನಾಳದ ತ್ರಿಜ್ಯಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 0.072 ನ್ಯೂಟನ್. ನಾಳದ ತ್ರಿಜ್ಯ 0.1 ಮಿ.ಮೀ. ಎಂದೂ ನೀರು ನಾಳದ ಗೋಡೆಯನ್ನು ಪೂರ್ತಿ ತೋಯಿಸುತ್ತದೆ ಎಂದೂ ಇಟ್ಟುಕೊಂಡು ಲೆಕ್ಕ ಹಾಕಿದರೆ ನೀರು ಸುಮಾರು 15 ಸೆಂ.ಮೀ. ಏರಬಲ್ಲದು. ಮೆತ್ತೆಯ ದಪ್ಪ ಒಂದೆರಡು ಸೆಂ.ಮೀ. ಮಾತ್ರ. ಆದುದರಿಂದ ಒಂದು ಮೂಲೆಯಲ್ಲಿ ಬಿದ್ದ ನೀರು ಆ ಮೂಲೆಯಲ್ಲೇ ಉಳಿಯುವುದಿಲ್ಲ. ಉಬ್ಬುಗಳನ್ನು ಏರಿ ದಾಟಿ ನೆಲದ ಉದ್ದಗಲಕ್ಕೂ ಹರಡುತ್ತದೆ. ಒದ್ದೆಯಾದ ಜಾಗವೇ ಸೋರುವ ಜಾಗ ಎಂದು ತೀರ್ಮಾನಿಸಬಾರದು ಎನ್ನುವುದಕ್ಕೆ ಇದೇ ಕಾರಣ.

ಇನ್ನು ಒಣಗುವ ವಿಷಯ. ಮೆತ್ತೆಯಲ್ಲಿ 1 ಲೀಟರ್ ನೀರಿದೆ ಎಂದುಕೊಳ್ಳೋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದನ್ನು ಆವಿಯಾಗಿಸಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. 1,000 ವ್ಯಾಟ್ ಹೀಟರಿನ ಶಾಖವೆಲ್ಲ ಇದಕ್ಕೇ ವಿನಿಯೋಗವಾದರೂ 40 ನಿಮಿಷ ಹಿಡಿಯುತ್ತದೆ. ಆದರೆ ಶಾಖ ಕೊಟ್ಟರಷ್ಟೇ ಸಾಲದು, ಆವಿ ಹೊರಗೆ ಹೋಗಬೇಕು. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಹೊರಗಿನ ಸಾಪೇಕ್ಷ ಆರ್ದ್ರತೆ ಶೇಕಡ 60 ಇದ್ದರೆ ಆಗಲೇ 14 ಗ್ರಾಂನಷ್ಟು ಆವಿ ಅದರಲ್ಲಿದೆ. ಉಳಿದಿರುವುದು 9 ಗ್ರಾಂಗೆ ಜಾಗ ಮಾತ್ರ. ಅಂದರೆ 1 ಲೀಟರ್ ನೀರನ್ನು ಹೊತ್ತೊಯ್ಯಲು 110 ಘನ ಮೀಟರಿನಷ್ಟು ಗಾಳಿ ಬೇಕು. ಒಂದು ಸಾಲಿನ ಆಸನವಿರುವ ಟ್ರಕ್ಕಿನ ಒಳಾಂಗಣ ಸುಮಾರು 2 ಘನ ಮೀಟರ್ ಎಂದು ಹಿಡಿದರೆ ಅಲ್ಲಿನ ಗಾಳಿ 55 ಬಾರಿ ಪೂರ್ತಿಯಾಗಿ ಬದಲಾಗಬೇಕು. ಬಾಗಿಲು, ಕಿಟಕಿ ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ವಾಹನದಲ್ಲಿ ಇದು ಆಗುವುದಿಲ್ಲ. ಹಗಲು ಮೆತ್ತೆಯಿಂದ ಎದ್ದ ಆವಿ ರಾತ್ರಿ ತಗಡು ಮತ್ತು ಗಾಜು ತಣ್ಣಗಾದಾಗ ಅವುಗಳ ಮೇಲೆ ಮತ್ತೆ ಹನಿಗಟ್ಟುತ್ತದೆ. ಕಾರ್ಪೆಟ್ಟಿನ ತಳದ ಲೇಪವಂತೂ ಆವಿ ಮೇಲಕ್ಕೆ ಬರುವುದನ್ನೇ ತಡೆಯುತ್ತದೆ. ಮೇಲಿನ ನೂಲು ಕೈಗೆ ಒಣಗಿದಂತೆ ತೋರುತ್ತಿರುವಾಗಲೇ ಕೆಳಗಿನ ಮೆತ್ತೆ ತೊಟ್ಟಿಕ್ಕುವಷ್ಟು ಒದ್ದೆಯಾಗಿರುವುದು ಸಾಮಾನ್ಯ.

ಉಪ್ಪು ಸೇರಿದಾಗ

ಅಮೆರಿಕದಲ್ಲಿ ಮಹಾಸರೋವರಗಳ ಸುತ್ತಲಿನ ಮಿಷಿಗನ್, ಒಹಾಯೊ, ನ್ಯೂಯಾರ್ಕ್ ಮುಂತಾದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಚೆಲ್ಲುತ್ತಾರೆ. ಉಪ್ಪು ನೀರಿನ ಘನೀಭವನ ಬಿಂದುವನ್ನು ಇಳಿಸುತ್ತದೆ. ತಕ್ಕ ಪ್ರಮಾಣದಲ್ಲಿ ಬೆರೆತಾಗ ಸೋಡಿಯಂ ಕ್ಲೋರೈಡಿನ ದ್ರಾವಣ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ಈ ಉಪ್ಪುನೀರು ಬೂಟಿನೊಂದಿಗೆ ಕಾರ್ಪೆಟ್ಟಿಗೆ ಬರುತ್ತದೆ. ನೀರು ಒಂದಿಷ್ಟು ಆರಿದರೂ ಉಪ್ಪು ಅಲ್ಲಿಯೇ ಉಳಿಯುತ್ತದೆ. ವರ್ಷದಿಂದ ವರ್ಷಕ್ಕೆ ಅದರ ಪ್ರಮಾಣ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಸಾಪೇಕ್ಷ ಆರ್ದ್ರತೆ ಶೇಕಡ 75ನ್ನು ದಾಟಿದರೆ ಸೋಡಿಯಂ ಕ್ಲೋರೈಡು ಗಾಳಿಯಿಂದಲೇ ನೀರನ್ನು ಹೀರಿ ದ್ರಾವಣವಾಗುತ್ತದೆ. ರಸ್ತೆಗೆ ಚೆಲ್ಲುವ ಇನ್ನೊಂದು ಲವಣವಾದ ಕ್ಯಾಲ್ಸಿಯಂ ಕ್ಲೋರೈಡಿಗೆ ಶೇಕಡ 30ರ ಆಸುಪಾಸಿನ ಆರ್ದ್ರತೆಯೇ ಸಾಕು. ಅಂದರೆ ಉಪ್ಪು ಕುಡಿದ ಮೆತ್ತೆಗೆ ಮಳೆಯೂ ಬೇಡ, ಸೋರಿಕೆಯೂ ಬೇಡ. ಗಾಳಿಯ ತೇವವೇ ಅದನ್ನು ಒದ್ದೆಯಾಗಿಡುತ್ತದೆ. ಇದು ನಮಗೆ ಹೊಸತಲ್ಲ. ಮಂಗಳೂರು, ಉಡುಪಿ, ಕಾರವಾರದ ಮನೆಗಳಲ್ಲಿ ಆಷಾಢದ ಹೊತ್ತಿಗೆ ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಮಳೆಗಾಲದ ಆರ್ದ್ರತೆ ದಿನಗಟ್ಟಲೆ ಶೇಕಡ 75ಕ್ಕಿಂತ ಮೇಲೇ ಇರುತ್ತದೆ. ಸಮುದ್ರದ ಕಡೆಯಿಂದ ಬೀಸುವ ಗಾಳಿ ಉಪ್ಪಿನ ಸೂಕ್ಷ್ಮ ಕಣಗಳನ್ನು ಹೊತ್ತು ತರುತ್ತದೆ. ನಮ್ಮ ಕರಾವಳಿಯ ಜೀಪು, ವ್ಯಾನುಗಳ ನೆಲಹಾಸಿನ ಅಡಿಯಲ್ಲಿ ನಡೆಯುವುದೂ ಮಿಷಿಗನ್ನಿನ ಟ್ರಕ್ಕಿನಲ್ಲಿ ನಡೆಯುವುದೂ ಒಂದೇ ಪ್ರಕ್ರಿಯೆ.

ಕತ್ತಲಲ್ಲಿ ನಡೆಯುವ ವಿದ್ಯುತ್ ಕೋಶ

ತುಕ್ಕು ಹಿಡಿಯುವುದು ಒಂದು ವಿದ್ಯುದ್ರಾಸಾಯನಿಕ ಕ್ರಿಯೆ. ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ ನೀರಿಗೆ ಇಳಿಯುತ್ತದೆ. ಈ ಜಾಗ ಆನೋಡ್. ಬಿಡುಗಡೆಯಾದ ಎಲೆಕ್ಟ್ರಾನುಗಳು ಲೋಹದ ಮೂಲಕ ಹರಿದು ಇನ್ನೊಂದು ಜಾಗದಲ್ಲಿ ಆಕ್ಸಿಜನ್ ಮತ್ತು ನೀರಿನೊಂದಿಗೆ ಸೇರಿ ಹೈಡ್ರಾಕ್ಸಿಲ್ ಅಯಾನುಗಳನ್ನು ಉಂಟುಮಾಡುತ್ತವೆ. ಆ ಜಾಗ ಕ್ಯಾಥೋಡ್. ನಡುವಿನ ನೀರಿನಲ್ಲಿ ಉಪ್ಪಿದ್ದರೆ ಅದು ಒಳ್ಳೆಯ ವಿದ್ಯುದ್ವಾಹಕವಾಗಿ ಈ ಕೋಶದ ಪ್ರವಾಹವನ್ನು ಹೆಚ್ಚಿಸುತ್ತದೆ.

ಆಕ್ಸಿಜನ್ ಹೆಚ್ಚು ಸಿಗುವ ಕಡೆ ತುಕ್ಕು ಹೆಚ್ಚಾಗಬೇಕು ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ವಾಸ್ತವ ಬೇರೆ. ಆಕ್ಸಿಜನ್ ಹೆಚ್ಚು ಸಿಗುವ ಕಡೆ ಕ್ಯಾಥೋಡ್ ಆಗುತ್ತದೆ, ಕಡಿಮೆ ಸಿಗುವ ಕಡೆ ಆನೋಡ್ ಆಗಿ ಲೋಹ ಕರಗುತ್ತದೆ. ಕೇಂಬ್ರಿಡ್ಜ್‌ನ ಯು. ಆರ್. ಇವಾನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಒಂದೇ ಒಂದು ಹನಿ ಉಪ್ಪುನೀರಿನಿಂದ ಇದನ್ನು ತೋರಿಸಿಕೊಟ್ಟರು. ಈ ಪ್ರಯೋಗವನ್ನು ಶಾಲೆಯಲ್ಲಿಯೂ ಮಾಡಬಹುದು. 100 ಮಿ.ಲೀ. ನೀರಿನಲ್ಲಿ 3 ಗ್ರಾಂ ಅಡುಗೆ ಉಪ್ಪು ಕರಗಿಸಿ, ಅದಕ್ಕೆ ಚಿಟಿಕೆಯಷ್ಟು ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಕೆಲವು ಹನಿ ಫಿನಾಲ್ಫ್ತಲೀನ್ ಸೇರಿಸಿ. ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ತಗಡಿನ ಮೇಲೆ ಈ ದ್ರಾವಣದ ಒಂದು ದೊಡ್ಡ ಹನಿಯನ್ನು ಇಟ್ಟು ಅಲುಗಾಡಿಸದೆ ಬಿಡಿ. ಮೊದಮೊದಲು ನೀಲಿ ಮತ್ತು ಗುಲಾಬಿ ಚುಕ್ಕೆಗಳು ಅಲ್ಲಲ್ಲಿ ಬೆರೆತು ಕಾಣುತ್ತವೆ. ಹೊತ್ತು ಕಳೆದಂತೆ ಹನಿಯ ನಡುಭಾಗ ನೀಲಿಯಾಗಿ, ಅಂಚು ಗುಲಾಬಿಯಾಗಿ ಬೇರ್ಪಡುತ್ತವೆ. ನೀಲಿ ಎಂದರೆ ಕಬ್ಬಿಣ ಕರಗುತ್ತಿದೆ. ಗುಲಾಬಿ ಎಂದರೆ ಹೈಡ್ರಾಕ್ಸಿಲ್ ಅಯಾನುಗಳು ಹುಟ್ಟುತ್ತಿವೆ. ಗಾಳಿಗೆ ಹತ್ತಿರವಿರುವ ಅಂಚಿಗೆ ಆಕ್ಸಿಜನ್ ಸುಲಭವಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಎರಡರ ನಡುವೆ ಕಂದು ಬಣ್ಣದ ತುಕ್ಕಿನ ಬಳೆ ಮೂಡುತ್ತದೆ. ಫೆರಿಸಯನೈಡನ್ನು ಕಾಯಿಸುವುದಾಗಲಿ ಆಮ್ಲದೊಂದಿಗೆ ಬೆರೆಸುವುದಾಗಲಿ ಕೂಡದು ಎಂದು ಶಿಕ್ಷಕರು ವಿದ್ಯಾರ್ಥಿಗಳಿಗೆ ಮೊದಲೇ ಹೇಳಬೇಕು.

ಒದ್ದೆ ಮೆತ್ತೆಯ ಅಡಿಯ ತಗಡು ಈ ಹನಿಯ ನಡುಭಾಗದ ಸ್ಥಿತಿಯಲ್ಲಿರುತ್ತದೆ. ಮೆತ್ತೆಯ ಅಂಚುಗಳಿಗೆ ಗಾಳಿ ಸಿಗುತ್ತದೆ, ಮಧ್ಯಕ್ಕೆ ಸಿಗುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣುವ ಹೊಸ್ತಿಲಿನ ಅಂಚು ಚೆನ್ನಾಗಿದ್ದು, ಕಾಣದ ಕಾಲಿಡುವ ಜಾಗ ಕರಗುತ್ತಿರುವ ಸಾಧ್ಯತೆ ಇದೆ. ತುಕ್ಕಿನ ಗಾತ್ರ ಅದಕ್ಕೆ ಆಹುತಿಯಾದ ಕಬ್ಬಿಣದ ಗಾತ್ರಕ್ಕಿಂತ ಹಲವು ಪಟ್ಟು ಹೆಚ್ಚು. ಅದು ಉಬ್ಬಿ ಅಕ್ಕಪಕ್ಕದ ಬಣ್ಣವನ್ನು ಎತ್ತುತ್ತದೆ. ಎದ್ದ ಬಣ್ಣದ ಅಡಿ ಇನ್ನೊಂದು ಗಾಳಿಯಿಲ್ಲದ ಸಂದು ಸಿದ್ಧವಾಗುತ್ತದೆ. 1980ರ ದಶಕದಿಂದೀಚೆಗೆ ವಾಹನಗಳ ತಗಡಿಗೆ ಸತುವಿನ ಲೇಪ ಕೊಡುವುದು ಹೆಚ್ಚಾದ ಮೇಲೆ ಪರಿಸ್ಥಿತಿ ಸುಧಾರಿಸಿತು. ಅದಕ್ಕಿಂತ ಹಳೆಯ ಟ್ರಕ್ಕುಗಳಿಗೆ ಸಾಮಾನ್ಯವಾಗಿ ಬಣ್ಣವೊಂದೇ ರಕ್ಷೆ.

ತೆಗೆಯುವ ಕ್ರಮ

ಮೊದಲನೆಯದಾಗಿ ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಬೇಕು. ಹೊಸ್ತಿಲಿನ ಪಕ್ಕದಲ್ಲಿ ಕಾರ್ಪೆಟ್ಟಿನ ಅಡಿಯಲ್ಲಿಯೇ ತಂತಿಗಳ ಕಟ್ಟು ಹಾದುಹೋಗಿರುತ್ತದೆ. ಅಮೆರಿಕದಲ್ಲಿ 1998ರ ಸೆಪ್ಟೆಂಬರ್‌ನಿಂದ ತಯಾರಾಗುವ ಹಗುರ ಟ್ರಕ್ಕುಗಳಿಗೆ ಮುಂಭಾಗದ ಎರಡೂ ಏರ್‌ಬ್ಯಾಗುಗಳು ಕಡ್ಡಾಯ. ಅದಕ್ಕೂ ಹಿಂದಿನ ಕೆಲವು ಮಾದರಿಗಳಲ್ಲಿಯೂ ಅವು ಇವೆ. ಏರ್‌ಬ್ಯಾಗಿನ ನಿಯಂತ್ರಕದಲ್ಲಿರುವ ಕೆಪ್ಯಾಸಿಟರ್ ಬ್ಯಾಟರಿ ಬಿಚ್ಚಿದ ಮೇಲೂ ಸ್ವಲ್ಪ ಕಾಲ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ವಾಹನದ ಕೈಪಿಡಿ ಹೇಳುವಷ್ಟು ಹೊತ್ತು ಕಾದು ಅನಂತರವೇ ಕೆಲಸಕ್ಕೆ ಕೈಹಾಕಬೇಕು.

ಎರಡನೆಯದು ಆಸನ. ನೆಲಕ್ಕೆ ಬಿಗಿದ ಬೋಲ್ಟುಗಳ ಕೆಳತುದಿ ವಾಹನದ ಅಡಿಭಾಗಕ್ಕೆ ಚಾಚಿ ರಸ್ತೆಯ ನೀರಿಗೆ ಒಡ್ಡಿಕೊಂಡಿರುವುದುಂಟು. ಸಂದಿನಲ್ಲಿ ತುಕ್ಕು ಉಬ್ಬಿ ಎಳೆಗಳನ್ನು ಕಚ್ಚಿ ಹಿಡಿದಿರುತ್ತದೆ. ಅವಸರದಿಂದ ಬಲ ಹಾಕಿದರೆ ಬೋಲ್ಟು ಮುರಿಯುತ್ತದೆ. ಕೆಳಗಿನಿಂದ ತಂತಿಬ್ರಷ್ಷಿನಿಂದ ಉಜ್ಜಿ, ತುಕ್ಕು ಸಡಿಲಿಸುವ ತೆಳು ಎಣ್ಣೆ ಹಾಕಿ ಒಂದು ರಾತ್ರಿ ಬಿಡುವುದು ಉತ್ತಮ. ಮೆತ್ತೆಗೆ ನೀರು ಹರಡಿದ ಲೋಮನಾಳ ತತ್ತ್ವವೇ ಇಲ್ಲಿ ಎಣ್ಣೆಯನ್ನು ಎಳೆಗಳ ಸಂದಿಗೆ ಒಯ್ಯುತ್ತದೆ. ಅನಂತರ ಉದ್ದನೆಯ ಹಿಡಿ ಬಳಸಬೇಕು. 50 ಸೆಂ.ಮೀ. ಹಿಡಿಯ ತುದಿಗೆ ಲಂಬವಾಗಿ 200 ನ್ಯೂಟನ್ ಬಲ ಹಾಕಿದರೆ 100 ನ್ಯೂಟನ್-ಮೀಟರ್ ತಿರುಗುಬಲ ದೊರೆಯುತ್ತದೆ, 25 ಸೆಂ.ಮೀ. ಹಿಡಿಯಾದರೆ ಇದರ ಅರ್ಧ ಮಾತ್ರ. ಬಿಚ್ಚುವ ದಿಕ್ಕಿಗೆ ಸ್ವಲ್ಪ, ಮತ್ತೆ ಬಿಗಿಯುವ ದಿಕ್ಕಿಗೆ ಸ್ವಲ್ಪ ಹೀಗೆ ಹಿಂದೆ ಮುಂದೆ ತಿರುಗಿಸುತ್ತಾ ಹೋದರೆ ತುಕ್ಕು ಪುಡಿಯಾಗಿ ಬೋಲ್ಟು ಸಡಿಲವಾಗುತ್ತದೆ. ಉದ್ದನೆಯ ಬೆಂಚಿನಂಥ ಆಸನವನ್ನು ಹೊರತೆಗೆಯಲು ಇಬ್ಬರು ಬೇಕು. ಆಸನಪಟ್ಟಿಯ ಬೋಲ್ಟುಗಳಿಗೆ ಅನೇಕ ಟ್ರಕ್ಕುಗಳಲ್ಲಿ ಆರು ಮೂಲೆಯ ನಕ್ಷತ್ರದ ಕುಳಿ ಇರುತ್ತದೆ. ಅದಕ್ಕೆ ಸರಿಹೊಂದುವ ಟಾರ್ಕ್ಸ್ ಬಿಟ್ಟನ್ನೇ ಬಳಸಬೇಕು. ಇಲ್ಲಿ ಬೆಂಕಿಯ ಜ್ವಾಲೆ ಮಾತ್ರ ಸಲ್ಲದು: ಪಟ್ಟಿಯ ನೇಯ್ಗೆ ಕರಗುತ್ತದೆ, ಮೆತ್ತೆ ಹೊತ್ತಿಕೊಳ್ಳುತ್ತದೆ, ಇಂಧನದ ಕೊಳವೆಯೂ ದೂರವಿರುವುದಿಲ್ಲ.

ಮೂರನೆಯದಾಗಿ ಹೊಸ್ತಿಲಿನ ಪಟ್ಟಿಗಳು, ಕಾಲಿನ ಪಕ್ಕದ ಮರೆಹಲಗೆಗಳು, ಗೇರು ಸನ್ನೆಯ ಸುತ್ತಲಿನ ರಬ್ಬರು ಇವನ್ನು ಬಿಚ್ಚಬೇಕು. 1970ರ ದಶಕದ ಹಲವು ಟ್ರಕ್ಕುಗಳಲ್ಲಿ ಮುಂದೀಪವನ್ನು ಮೇಲೆ ಕೆಳಗೆ ಮಾಡುವ ಸ್ವಿಚ್ಚು ಎಡಗಾಲಿನ ಬಳಿ ನೆಲದಲ್ಲಿಯೇ ಇರುತ್ತದೆ, ಅದನ್ನೂ ಬಿಡಿಸಬೇಕು. ಬಳಿಕ ಕಾರ್ಪೆಟ್ಟನ್ನು ಎರಡೂ ಬದಿಯಿಂದ ನಡುವಿನ ದಿಬ್ಬದ ಕಡೆಗೆ ಮಡಿಸುತ್ತಾ ಬಂದು, ಸುರುಳಿ ಮಾಡಿ ಒಂದು ಬಾಗಿಲಿನಿಂದ ಹೊರಗೆಳೆಯಬೇಕು. ಅಂಟಿಕೊಂಡ ಕಡೆ ನೇರವಾಗಿ ಮೇಲಕ್ಕೆ ಜಗ್ಗಬಾರದು. ಅಂಚನ್ನು ಹಿಡಿದು ಮಡಿಸಿ ಸುಲಿಯುತ್ತಾ ಹೋದರೆ ಬಲವೆಲ್ಲ ಸುಲಿಯುವ ಗೆರೆಯ ಮೇಲೆ ಮಾತ್ರ ಕೇಂದ್ರೀಕರಿಸುತ್ತದೆ. ಇಡೀ ಮೇಲ್ಮೈಯನ್ನು ಒಟ್ಟಿಗೆ ಎತ್ತಲು ಬೇಕಾಗುವುದಕ್ಕಿಂತ ಬಹಳ ಕಡಿಮೆ ಬಲ ಸಾಕಾಗುತ್ತದೆ. ಹಳೆಯ ಕಾರ್ಪೆಟ್ಟು ಹರಿದಿದ್ದರೂ ಎಸೆಯಬಾರದು. ಹೊಸದರಲ್ಲಿ ಬೋಲ್ಟಿನ ರಂಧ್ರಗಳನ್ನು ಎಲ್ಲೆಲ್ಲಿ ಕೊರೆಯಬೇಕು ಎಂಬುದಕ್ಕೆ ಅದೇ ನಕ್ಷೆ. ಮೆತ್ತೆಯಲ್ಲಿ ಬೂಷ್ಟು ಬೆಳೆದಿರುತ್ತದೆ. ಅದರ ಪುಡಿ ಉಸಿರಿನೊಂದಿಗೆ ಒಳಗೆ ಹೋಗದಂತೆ ಮುಖಗವಸು, ಕೈಗವಸು ಧರಿಸಬೇಕು. ಮೆತ್ತೆ ಜಿಡ್ಡುಜಿಡ್ಡಾಗಿದ್ದು ಸಿಹಿ ವಾಸನೆ ಬರುತ್ತಿದ್ದರೆ ಅದು ನೀರಲ್ಲ, ಹೀಟರಿನಿಂದ ಸೋರಿದ ತಂಪುದ್ರವ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಮಕ್ಕಳು, ಸಾಕುಪ್ರಾಣಿಗಳು ಅದರ ಹತ್ತಿರ ಬರದಂತೆ ನೋಡಿಕೊಳ್ಳಬೇಕು.

ಡಾಂಬರು ಹಾಳೆ ಮತ್ತು ಒಣ ಮಂಜುಗಡ್ಡೆ

ಗಟ್ಟಿಯಾಗಿ ಅಂಟಿರುವ ಡಾಂಬರು ಹಾಳೆಯನ್ನು ತೆಗೆಯಲೇಬೇಕೆಂದಿಲ್ಲ. ಅದರ ಅಂಚು ಎದ್ದಿದ್ದರೆ, ಬಿರುಕಿದ್ದರೆ ಮಾತ್ರ ಅಡಿಯಲ್ಲಿ ನೀರು ನಿಂತಿದೆ ಎಂದು ತಿಳಿದು ತೆಗೆಯಬೇಕು. ಬಿಸಿ ಮಾಡಿದರೆ ಅದು ಮೆತ್ತಗಾಗಿ ಎಲ್ಲ ಕಡೆ ಮೆತ್ತಿಕೊಳ್ಳುತ್ತದೆ. ತಣ್ಣಗೆ ಮಾಡುವುದು ಜಾಣತನ. ಡಾಂಬರು ನಿಶ್ಚಿತ ಕರಗುವ ಬಿಂದುವಿರುವ ಸ್ಫಟಿಕವಲ್ಲ. ಉಷ್ಣತೆ ಇಳಿದಂತೆಲ್ಲ ಗಡುಸಾಗುತ್ತಾ ಹೋಗಿ ಕೊನೆಗೆ ಗಾಜಿನಂತೆ ಭಿದುರವಾಗುತ್ತದೆ. ಘನ ಕಾರ್ಬನ್ ಡೈ ಆಕ್ಸೈಡ್, ಅಂದರೆ ಒಣ ಮಂಜುಗಡ್ಡೆಯ ಉಷ್ಣತೆ ಸೊನ್ನೆಗಿಂತ 78.5 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದರ ಚೂರುಗಳನ್ನು ಹಾಳೆಯ ಮೇಲೆ ಹರಡಿ ಸ್ವಲ್ಪ ಹೊತ್ತು ಬಿಟ್ಟರೆ ಹಾಳೆ ಭಿದುರವಾಗುವುದಷ್ಟೇ ಅಲ್ಲ, ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಕುಗ್ಗಲೆಳಸುತ್ತದೆ. ಈ ವ್ಯತ್ಯಾಸದಿಂದ ಅಂಟು ಬಿಡುತ್ತದೆ. ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಹಾಳೆ ಚೂರುಚೂರಾಗಿ ಎದ್ದುಬರುತ್ತದೆ.

ಇದರಲ್ಲಿ ಅಡಗಿರುವ ಅಪಾಯವನ್ನು ಲೆಕ್ಕ ಹಾಕಿಯೇ ನೋಡಬೇಕು. ಕಾರ್ಬನ್ ಡೈ ಆಕ್ಸೈಡಿನ ಅಣುತೂಕ 44. ಆದುದರಿಂದ 1 ಕಿ.ಗ್ರಾಂ ಒಣ ಮಂಜುಗಡ್ಡೆ ಪೂರ್ತಿ ಅನಿಲವಾದರೆ 25 ಡಿಗ್ರಿಯಲ್ಲಿ ಸುಮಾರು 550 ಲೀಟರ್ ಆಗುತ್ತದೆ. 2 ಘನ ಮೀಟರ್, ಅಂದರೆ 2,000 ಲೀಟರ್ ಗಾತ್ರದ ಮುಚ್ಚಿದ ಒಳಾಂಗಣದಲ್ಲಿ ಇದು ಐದನೆಯ ಒಂದು ಭಾಗವನ್ನೂ ಮೀರುತ್ತದೆ. ಗಾಳಿಯಲ್ಲಿ ಈ ಅನಿಲ ಶೇಕಡ 4ರಷ್ಟಿದ್ದರೇ ಜೀವಕ್ಕೆ ತಕ್ಷಣದ ಅಪಾಯ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಸಾಂದ್ರವಾದುದರಿಂದ ನೆಲದ ಬಳಿಯೇ ಶೇಖರವಾಗುತ್ತದೆ. ಕೆಲಸ ಮಾಡುವವರ ತಲೆ ಬಗ್ಗಿರುವುದೂ ಅಲ್ಲಿಯೇ. ಆದುದರಿಂದ ಎರಡೂ ಬಾಗಿಲುಗಳು ತೆರೆದಿರಬೇಕು, ವಾಹನ ಬಯಲಿನಲ್ಲಿರಬೇಕು, ಫ್ಯಾನಿನಿಂದ ಗಾಳಿ ಹಾಯಿಸುತ್ತಿರಬೇಕು. ಒಣ ಮಂಜುಗಡ್ಡೆಯನ್ನು ಬರಿಗೈಯಿಂದ ಮುಟ್ಟಬಾರದು, ಬಿಗಿ ಮುಚ್ಚಳದ ಪಾತ್ರೆಯಲ್ಲಿ ಇಡಬಾರದು, ಕಿಟಕಿ ಮುಚ್ಚಿದ ವಾಹನದಲ್ಲಿ ಸಾಗಿಸಬಾರದು.

ಬರಿದಾದ ನೆಲವನ್ನು ಓದುವುದು

ಈಗ ತಗಡು ಕಾಣುತ್ತದೆ. ಮೊದಲು ಸಿಹಿನೀರಿನಿಂದ ಚೆನ್ನಾಗಿ ತೊಳೆಯಬೇಕು. ಉಪ್ಪು ಹೋಗದೆ ಮೇಲೆ ಯಾವ ಬಣ್ಣ ಬಳಿದರೂ ಅದರ ಅಡಿ ತೇವ ಮತ್ತೆ ಸೇರುತ್ತದೆ. ತಗಡಿನಲ್ಲಿ ರಬ್ಬರು ಬಿರಡೆಗಳಿರುವ ರಂಧ್ರಗಳಿದ್ದರೆ ಅವನ್ನು ತೆರೆದು ನೀರು ಹೊರಬಿಟ್ಟು ಪೂರ್ತಿ ಒಣಗಿಸಬೇಕು. ಬಳಿಕ ಸಣ್ಣ ಸುತ್ತಿಗೆಯಿಂದ ಅಂಗೈಯಗಲಕ್ಕೊಮ್ಮೆ ತಟ್ಟುತ್ತಾ ಸದ್ದು ಕೇಳಬೇಕು. ಗಟ್ಟಿ ಲೋಹ ಸ್ಪಷ್ಟವಾಗಿ ನುಡಿಯುತ್ತದೆ. ಒಳಗೊಳಗೇ ಪದರಪದರವಾಗಿ ತುಕ್ಕು ಹಿಡಿದ ಲೋಹದ ಸದ್ದು ಬೊದ್ದಾಗಿರುತ್ತದೆ. ಅನುಮಾನ ಬಂದ ಕಡೆ ದಬ್ಬಳದಿಂದ ಒತ್ತಿ ನೋಡಬೇಕು. ಮೊನೆ ಒಳಗಿಳಿದರೆ ಅಲ್ಲಿ ತಗಡಿಲ್ಲ, ತುಕ್ಕು ಮಾತ್ರ ಇದೆ.

ಎಲ್ಲಕ್ಕಿಂತ ಹೆಚ್ಚಿನ ಗಮನ ಕೊಡಬೇಕಾದುದು ಆಸನ ಮತ್ತು ಆಸನಪಟ್ಟಿಯ ಬೋಲ್ಟುಗಳ ಸುತ್ತಲಿನ ಜಾಗಕ್ಕೆ. ಅಮೆರಿಕದ ಫೆಡರಲ್ ಮೋಟಾರು ವಾಹನ ಸುರಕ್ಷತಾ ಮಾನದಂಡ 210ರ ಪ್ರಕಾರ ಸೊಂಟದ ಪಟ್ಟಿಯೊಂದೇ ಇರುವ ಆಸನಪಟ್ಟಿಯ ನೆಲೆಗಳು 5,000 ಪೌಂಡ್, ಅಂದರೆ ಸುಮಾರು 22,000 ನ್ಯೂಟನ್ ಬಲವನ್ನು ತಾಳಿಕೊಳ್ಳಬೇಕು. ಇಷ್ಟೊಂದು ಏಕೆ? ಗಂಟೆಗೆ 54 ಕಿ.ಮೀ., ಅಂದರೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿರುವ 70 ಕಿ.ಗ್ರಾಂ ತೂಕದ ವ್ಯಕ್ತಿ ಅರ್ಧ ಮೀಟರ್ ದೂರದಲ್ಲಿ ನಿಲುಗಡೆಗೆ ಬರಬೇಕಾದರೆ ಸರಾಸರಿ 15,750 ನ್ಯೂಟನ್ ಬಲ ಬೇಕು. ಚಲನಶಕ್ತಿಯನ್ನು ದೂರದಿಂದ ಭಾಗಿಸಿ ಇದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಬಹುದು. ಬಲದ ಗರಿಷ್ಠ ಮೌಲ್ಯ ಸರಾಸರಿಗಿಂತಲೂ ಹೆಚ್ಚಿರುತ್ತದೆ. ದಬ್ಬಳದ ಮೊನೆಗೆ ಸೋಲುವ ತಗಡು ಈ ಬಲಕ್ಕೆ ನಿಲ್ಲಲಾರದು. ಅಂಥ ಜಾಗಕ್ಕೆ ಫೈಬರ್ ಗ್ಲಾಸಿನ ತೇಪೆಯಾಗಲಿ, ರಿವೆಟ್ ಹೊಡೆದ ತೆಳು ತಗಡಾಗಲಿ ಪರಿಹಾರವಲ್ಲ. ಕೆಟ್ಟ ಲೋಹವನ್ನು ಕತ್ತರಿಸಿ ತೆಗೆದು, ಅದೇ ದಪ್ಪದ ಉಕ್ಕನ್ನು ನುರಿತ ವೆಲ್ಡರ್ ಕೈಯಲ್ಲಿ ಬೆಸೆಸಬೇಕು.

ಮೇಲ್ಮೈಯಲ್ಲಿ ಮಾತ್ರ ತುಕ್ಕಿದ್ದರೆ ಸಡಿಲವಾದುದನ್ನು ಉಜ್ಜಿ ತೆಗೆದು, ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುವ ತುಕ್ಕು ಪರಿವರ್ತಕವನ್ನು ಬಳಿಯುತ್ತಾರೆ. ಇವು ಉಳಿದ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಅಥವಾ ಟ್ಯಾನೇಟ್ ಆಗಿ ಮಾರ್ಪಡಿಸುತ್ತವೆ. ಆಮೇಲೆ ಪ್ರೈಮರ್, ಬಣ್ಣ. ಆದರೆ ನೀರು ಬರುವ ದಾರಿಯನ್ನು ಮುಚ್ಚದೆ ಇದೆಲ್ಲ ವ್ಯರ್ಥ. ಒಬ್ಬರು ಒಳಗೆ ಟಾರ್ಚು ಹಿಡಿದು ಕುಳಿತು, ಇನ್ನೊಬ್ಬರು ಹೊರಗಿನಿಂದ ಕೊಳವೆಯಲ್ಲಿ ನೀರು ಬಿಡಬೇಕು. ಕೆಳಗಿನಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಆರಂಭಿಸಿದರೆ ಇಳಿದುಬರುವ ನೀರು ಕೆಳಗಿನ ರಂಧ್ರಗಳಲ್ಲೆಲ್ಲ ನುಗ್ಗಿ, ಸೋರಿದ್ದು ಎಲ್ಲಿಂದ ಎಂಬುದು ಗೊತ್ತಾಗುವುದಿಲ್ಲ.

ಮರುಜೋಡಣೆಯಲ್ಲಿ ಬೋಲ್ಟಿನ ಬಿಗಿತ ಮುಖ್ಯ. ಬಿಗಿಯುವಾಗ ಹಾಕಿದ ತಿರುಗುಬಲದ ಬಹುಪಾಲು ಘರ್ಷಣೆಯಲ್ಲಿ ಕಳೆದುಹೋಗಿ, ಹತ್ತರಲ್ಲಿ ಒಂದು ಭಾಗದಷ್ಟು ಮಾತ್ರ ಬೋಲ್ಟನ್ನು ಎಳೆದು ಹಿಡಿಯಲು ಬಳಕೆಯಾಗುತ್ತದೆ. ಸಾಮಾನ್ಯ ಘರ್ಷಣೆಯಿರುವ 12 ಮಿ.ಮೀ. ಬೋಲ್ಟನ್ನು 60 ನ್ಯೂಟನ್-ಮೀಟರಿಗೆ ಬಿಗಿದರೆ ಅದರಲ್ಲಿ ಸುಮಾರು 25,000 ನ್ಯೂಟನ್ ಎಳೆತ ಉಂಟಾಗುತ್ತದೆ. ಒಣ ಎಳೆಗಳಿಗೆಂದು ಹೇಳಿದ ಅಂಕಿಗೆ ಎಣ್ಣೆ ಹಾಕಿದ ಬೋಲ್ಟನ್ನು ಬಿಗಿದರೆ ಘರ್ಷಣೆ ಇಳಿದು ಎಳೆತ ಬಹಳ ಹೆಚ್ಚಾಗುತ್ತದೆ. ಬೋಲ್ಟು ಶಾಶ್ವತವಾಗಿ ಹಿಗ್ಗಬಹುದು. ಹೀಗಾಗಿ ಬಿಚ್ಚುವಾಗ ಹಾಕಿದ ಎಣ್ಣೆಯನ್ನು ಒರೆಸಿ, ಸವೆದ ಬೋಲ್ಟುಗಳನ್ನು ಅದೇ ದರ್ಜೆಯ ಹೊಸವುಗಳಿಂದ ಬದಲಿಸಿ, ವಾಹನದ ಕೈಪಿಡಿಯ ಅಂಕಿಗೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ಕೆಲವರು ಕಾರ್ಪೆಟ್ಟನ್ನು ಮರಳಿ ಹಾಕದೆ ರಬ್ಬರು ಹಾಸಿಗೆ ಹಿಂದಿರುಗುತ್ತಾರೆ. ಸದ್ದು ಹೆಚ್ಚಾಗುತ್ತದೆ, ನೆಲ ಬಿಸಿಯಾಗುತ್ತದೆ. ಆದರೆ ತಿಂಗಳಿಗೊಮ್ಮೆ ಎತ್ತಿ ನೋಡಬಹುದು. ಕಾರ್ಪೆಟ್ಟೇ ಬೇಕೆನ್ನುವವರು ನೀರು ಹೀರುವ ಸೆಣಬಿನ ಬದಲು ನೀರು ಹೀರದ, ರಂಧ್ರಗಳು ಮುಚ್ಚಿದ ಬಗೆಯ ನೊರೆ ಹಾಳೆಯನ್ನು ಅಡಿಗೆ ಹಾಕಿಕೊಳ್ಳಬಹುದು. ನಮ್ಮಲ್ಲಿ ಶಾಲಾ ವ್ಯಾನು, ಜೀಪು, ಹಳೆಯ ಕಾರು ಇರುವವರೂ ಮಳೆಗಾಲ ಮುಗಿದ ಮೇಲೆ ಒಂದು ಬಾರಿ ನೆಲಹಾಸಿನ ಮೂಲೆಯನ್ನು ಎತ್ತಿ ಒಣ ಕಾಗದವನ್ನು ತಗಡಿಗೆ ಒತ್ತಿ ನೋಡುವುದು ಒಳ್ಳೆಯದು. ಕಾಗದ ಒದ್ದೆಯಾದರೆ, ಮೇಲಿನ ಹಾಸು ಎಷ್ಟೇ ಒಣಗಿದ್ದರೂ, ಕೆಳಗೆ ಇವಾನ್ಸರ ಹನಿ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು. ಆಸನಪಟ್ಟಿಯ ಬೋಲ್ಟಿನ ಸುತ್ತ ದಬ್ಬಳ ಒತ್ತಿ ನೋಡುವುದಕ್ಕೆ ಅದು ತಕ್ಕ ಸಮಯ.